ಅತ್ತೆಯ ಹದಿನೆಂಟು ನುಡಿಗಳು

ಬೀಸುವ ಕಲ್ಲುಗಳು ಅಡುಗೆಮನೆಯಿಂದ ಹೊರಬಿದ್ದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದ ಕಾಲ ಅದು. ಬೀಸುವಾಗಿನ ಪದಗಳು ಮಾತ್ರ ಇನ್ನೂ ಹೊರಬಿದ್ದಿರಲಿಲ್ಲ. ಹೆಂಗಸರು ಅವನ್ನು ಕಳೆ ತೆಗೆಯುವ ಹೊಲಕ್ಕೆ, ಮದುವೆಯ ಚಪ್ಪರಕ್ಕೆ, ಹಿಟ್ಟಿನ ಗಿರಣಿಯ ಸಾಲಿಗೆ ಹೊತ್ತು ತಂದಿದ್ದರು. ಬಸ್ಸುಗಳಲ್ಲಿ ಡ್ರೈವರನ ತಲೆಯ ಮೇಲೆ ಕ್ಯಾಸೆಟ್ಟುಗಳ ಸಾಲು ಇರುತ್ತಿತ್ತು. ಯಾವ ಬಸ್ಸಿನಲ್ಲಿ ಒಳ್ಳೆಯ ಹಾಡು ಹಾಕುತ್ತಾರೆ ಎಂದು ನೋಡಿಕೊಂಡು ಜನ ಬಸ್ಸು ಹತ್ತುತ್ತಿದ್ದರು. ನಿಮ್ಮಲ್ಲಿ ನಲವತ್ತರ ಆಸುಪಾಸಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಆ ಮಳೆಗಾಲದಲ್ಲಿ ನಾನು ಆರನೇ ತರಗತಿಯಲ್ಲಿದ್ದೆ. ನಮ್ಮ ಊರು ಬಿಳಿಚೋಡು. ಅಪ್ಪ ತಿಪ್ಪೇಸ್ವಾಮಿಯದು ಬಸ್ ನಿಲ್ದಾಣದ ಹಿಂದೆ ಒಂದು ಹಿಟ್ಟಿನ ಗಿರಣಿ. ಶಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗುತ್ತಿರಲಿಲ್ಲ, ಗಿರಣಿಗೇ ಹೋಗುತ್ತಿದ್ದೆ. ಬಿಸಿ ಬಿಸಿ ಜೋಳದ ಹಿಟ್ಟಿನ ವಾಸನೆ, ಬೆಲ್ಟು ಕಾದ ರಬ್ಬರಿನ ವಾಸನೆ, ಖಾರದ ಪುಡಿ ಹಾಕಿದ ದಿನ ಎಲ್ಲರ ಸೀನು. ಮುಂದಿನ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯಲು ನಮಗೆ ಸುಣ್ಣ ಬೇಕಿರಲಿಲ್ಲ, ಕೆಳಗೆ ಉದುರಿದ ಹಿಟ್ಟೇ ಸಾಕಾಗುತ್ತಿತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಮೂಟೆಯ ಮೇಲೆ ಕೂತು ತಿನ್ನುತ್ತಿದ್ದೆ.

ಜೊತೆಗೆ ಹಾಲಮ್ಮತ್ತೆ ಇರುತ್ತಿದ್ದಳು.

ಹಾಲಮ್ಮತ್ತೆ ಅಪ್ಪನ ಒಬ್ಬಳೇ ತಂಗಿ. ನ್ಯಾಮತಿ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಮೂರು ಸಲ ತವರಿಗೆ ಓಡಿಬಂದಿದ್ದಳು. ಮೂರು ಸಲವೂ ಅಪ್ಪ ಕುಪ್ಪಸದ ಖಣ, ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸಿ ವಾಪಸು ಕಳಿಸಿದ್ದ. ನಾಲ್ಕನೇ ಸಲ ದಾವಣಗೆರೆಯಿಂದ ನಮ್ಮೂರಿಗೆ ನಡೆದೇ ಬಂದಳು. ಬಂದವಳು ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿ ಎರಡು ದಿನ ಏಳಲಿಲ್ಲ. ಮೂರನೇ ದಿನ ಎದ್ದು, ಯಾರನ್ನೂ ಕೇಳದೆ, ಕಾಳಿನ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯತೊಡಗಿದಳು. ಅಂದಿನಿಂದ ಆ ಕೆಲಸ ಅವಳದಾಯಿತು. ಅಪ್ಪ ಮತ್ತೆ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ.

ಗಿರಣಿ ತಿರುಗುವಾಗ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋದಾಗ ಅಪ್ಪ ಬಸ್ ನಿಲ್ದಾಣದ ಕಡೆ ಚಹಾ ಕುಡಿಯಲು ಹೋಗುತ್ತಿದ್ದ, ಆಗ ಅತ್ತೆ ಬಾಯಿ ಬಿಡುತ್ತಿದ್ದಳು. ಆಗೆಲ್ಲ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಡಬ್ಬಿ, ಪುಟ್ಟಿ ಇಟ್ಟುಕೊಂಡು ಸಾಲಿನಲ್ಲಿ ಕೂತ ಹೆಂಗಸರು, "ಹಾಲವ್ವ, ಒಂದು ಪದ ಹೇಳೇ" ಅನ್ನುತ್ತಿದ್ದರು. ಅವಳು ಮೊದಲು ಬೀಗರ ಪದ ಎತ್ತಿಕೊಳ್ಳುತ್ತಿದ್ದಳು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಗೇಲಿ ಮಾಡುವ ಪದಗಳು. ಆದರೆ ಅವಳ ಪದಗಳನ್ನು ಬೇರೆ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ.

ಬೀಗ ಬಂದಾರ ಮೀಸೆ ತಿರುವಿಕೊಂಡು
ಮೀಸೆಗೆ ತುಪ್ಪ ಎಲ್ಲೀದು — ಅದು ನಮ್ಮ
ಸೊಸಿಯ ರೊಟ್ಟಿಗೆ ಹಚ್ಚೋದು

ಸಾಲಿನಲ್ಲಿದ್ದವರು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ನಗು ಇನ್ನೂ ಇಳಿಯುವ ಮೊದಲೇ ಅವಳು ಇನ್ನೊಂದು ಪದ ಎತ್ತಿಕೊಳ್ಳುತ್ತಿದ್ದಳು. ದನಿ ಏರಿಸುತ್ತಿರಲಿಲ್ಲ. ಎದುರಿಗೆ ಕೂತವರನ್ನು ಮಾತಾಡಿಸಿದ ಹಾಗೆ ಹೇಳುತ್ತಿದ್ದಳು.

ಕೊಟ್ಟ ಮನಿಯಾಗೆ ಕಲ್ಲಾಗಿ ಇರು ಅಂದಿ
ಕಲ್ಲಿಗೆ ಹಸಿವು ಆಗ್ತೈತಾ — ನನ ಅಣ್ಣಾ
ಕಲ್ಲಿಗೆ ಬಾಸುಂಡೆ ಏಳ್ತೈತಾ

ಆಗ ಯಾರೂ ನಗುತ್ತಿರಲಿಲ್ಲ. ಕರೆಂಟು ಬಂದರೂ ಒಂದು ಗಳಿಗೆ ಯಾರೂ ಏಳುತ್ತಿರಲಿಲ್ಲ.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಪದ ಹೊಳೆದರೆ ಮರೆತುಹೋಗುವ ಮುಂಚೆ ನನ್ನನ್ನು ಕೂಗುತ್ತಿದ್ದಳು. "ರೇಣಿ, ಬಾರೇ ಇಲ್ಲಿ, ಇದನ್ನ ಬರ್ಕೋ." ನನ್ನ ಸಮಾಜ ವಿಜ್ಞಾನದ ನೋಟು ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಶ್ರಾವಣ ಮುಗಿಯುವಷ್ಟರಲ್ಲಿ ಆ ಒಂದು ಪದ ಹದಿನೆಂಟು ನುಡಿಯಾಗಿತ್ತು.

ನಾಗರಾಜ ಎಂಬವನಿಗೆ ಜಗಳೂರಿನಲ್ಲಿ ಕ್ಯಾಸೆಟ್ ಅಂಗಡಿ ಇತ್ತು, ಮದುವೆಗಳಿಗೆ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದ. ನಮ್ಮೂರಿನ ಒಂದು ಮದುವೆಗೆ ಮೈಕು ಕಟ್ಟಲು ಬಂದವನು ಅತ್ತೆಯ ಬೀಗರ ಪದ ಕೇಳಿದ. ಮಾರನೇ ದಿನ ಗಿರಣಿಗೇ ಬಂದ.

"ಅಕ್ಕಾರೆ, ನಿಮ್ಮ ದನಿ ಸುಮ್ನೆ ಗಾಳಿಗೆ ಹೋಗ್ತಾ ಐತೆ. ದಾವಣಗೆರೆಗೆ ಬರ್ರಿ, ಒಂದು ಕ್ಯಾಸೆಟ್ ಮಾಡಾನ" ಅಂದ.

ಅತ್ತೆ ಅಪ್ಪನ ಮುಖ ನೋಡಿದಳು. ಅಪ್ಪ ಬೆಲ್ಟು ಜಾರದಿರಲೆಂದು ರಾಳ ಹಾಕುತ್ತಿದ್ದ. "ಎಂಥ ಪದ?" ಎಂದು ಕೇಳಿದ. ಸಾಲಿನಲ್ಲಿದ್ದ ನಿಂಗಮ್ಮಜ್ಜಿ ಥಟ್ಟನೆ, "ಸೋಬಾನೆ ಪದ ಕಣಪ್ಪ, ದೇವ್ರ ಪದ" ಅಂದಳು. ಅಪ್ಪನಿಗೆ ಒಳಗೊಳಗೇ ಹೆಮ್ಮೆಯಾದಂತೆ ಕಂಡಿತು. "ಹೋಗ್ಬರ್ರಿ. ಹುಡುಗೀನೂ ಕರ್ಕೊಂಡು ಹೋಗ್ರಿ, ಬರ್ದಿದ್ದು ಓದಾಕೆ ಬೇಕಲ್ಲ" ಎಂದ.

ಹಾಗೆ ನಾನು, ಅತ್ತೆ, ಹಿಮ್ಮೇಳಕ್ಕೆ ನಿಂಗಮ್ಮಜ್ಜಿ ಮತ್ತು ಅವಳ ಸೊಸೆ ಗೌರಕ್ಕ, ನಾಲ್ವರು ದಾವಣಗೆರೆಯ ಒಂದು ಮಾಳಿಗೆಯ ಮೇಲಿನ ಕೋಣೆಗೆ ಹೋದೆವು. ಗೋಡೆಗೆಲ್ಲ ಗೋಣಿಚೀಲ ಬಡಿದಿದ್ದರು. ಫ್ಯಾನು ಹಾಕಬಾರದು, ಕೆಮ್ಮಬಾರದು, ಬಳೆ ಸದ್ದು ಮಾಡಬಾರದು. ನಿಂಗಮ್ಮಜ್ಜಿ ಬಳೆಗಳನ್ನು ಮೊಣಕೈವರೆಗೆ ಏರಿಸಿ ಮೇಲೆ ಟವೆಲ್ ಸುತ್ತಿಕೊಂಡಳು. ಬೀಗರ ಪದಗಳೆಲ್ಲ ಒಂದೇ ಸಲಕ್ಕೆ ಮುಗಿದವು. ಅಣ್ಣನ ಪದ ಬಂದಾಗ ನಾಗರಾಜ ಕೈ ಎತ್ತಿ ನಿಲ್ಲಿಸಿದ.

"ಅಕ್ಕಾ, ಪದ ಭಾಳ ಚಲೋ ಐತೆ. ಆದ್ರೆ 'ನನ ಅಣ್ಣಾ' ಬ್ಯಾಡ. 'ನನ ವಿಧಿಯೇ' ಅಂತ ಹೇಳ್ರಿ. ಕ್ಯಾಸೆಟ್ ಕೊಂಡ್ಕೊಳ್ಳೋರೆಲ್ಲ ಅಣ್ಣ ತಮ್ಮಂದಿರೇ ಅಲ್ಲೇನ್ರಿ."

"ವಿಧಿನಾ?" ಅತ್ತೆ ಕೇಳಿದಳು. "ವಿಧಿ ಕೈಯಾಗೆ ಬಾರುಕೋಲು ಇರಲಿಲ್ಲಪ್ಪಾ. ವಿಧಿ ನನ್ನ ಬಸ್ ಹತ್ತಿಸಲಿಲ್ಲ."

"ಹಂಗಲ್ರಿ, ಕೇಳಾಕೆ ಹಿತವಾಗಿರ್ತೈತೆ ಅಂತ..."

"ಹಿತವಾಗಿರೋದು ಬೇಕಂದ್ರೆ ಬೀಗರ ಪದ ಐತಲ್ಲ ಆ ಕಡೆ. ಇದು ಹಿಂಗೇ ಇರ್ತೈತೆ. ಬ್ಯಾಡಾಂದ್ರೆ ಏಳ್ತೀನಿ."

ನಾಗರಾಜ ಡೋಲಕ್ಕಿನವನ ಮುಖ ನೋಡಿದ. ಡೋಲಕ್ಕಿನವನು "ಇರ್ಲಿ ಬಿಡ್ರಿ ಸಾರ್" ಅಂದ. ಟೇಪಿನಲ್ಲಿ ಜಾಗ ಇದ್ದದ್ದು ಏಳು ನುಡಿಗೆ ಮಾತ್ರ. ಉಳಿದ ಹನ್ನೊಂದನ್ನು ಮುಂದಿನ ಕ್ಯಾಸೆಟ್ಟಿಗೆ ಇಟ್ಟುಕೊಳ್ಳೋಣ ಎಂದ ನಾಗರಾಜ. ಕೆಲಸ ಮುಗಿದ ಮೇಲೆ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದ. ಅತ್ತೆ ಎರಡು ತಿಂದಳು. ಅವಳು ಅಷ್ಟು ಹಸಿವಿನಿಂದ ತಿಂದಿದ್ದನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ.

ದಸರಾ ಹೊತ್ತಿಗೆ ಕ್ಯಾಸೆಟ್ಟು ಬಂತು. ಮೇಲೆ ಯಾರೋ ಸಿನಿಮಾದವಳಂಥ ಹೆಂಗಸು ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ನಿಂತ ಚಿತ್ರ. ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ "ಸಾಹಿತ್ಯ, ಗಾಯನ: ಹಾಲಮ್ಮ" ಎಂದಿತ್ತು. "ಎಲ್ಲೈತೆ, ಬೆರಳಿಟ್ಟು ತೋರ್ಸು" ಎಂದಳು ಅತ್ತೆ. ತೋರಿಸಿದೆ. "ಸಾಹಿತ್ಯ ಅಂದ್ರೆ?" ಎಂದು ಕೇಳಿದಳು. "ಪದ ಕಟ್ಟಿದ್ದು ಅಂತ" ಅಂದೆ. ಅವಳು ಆ ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಮರುದಿನ ಗಿರಣಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ತನ್ನ ಹೆಸರು ಬರೆಯಲು ಕಲಿಸು ಅಂದಳು. 'ಹಾ' ಬಂತು, 'ಲ' ಬಂತು. 'ಮ್ಮ' ಬರುವಷ್ಟರಲ್ಲಿ ಕರೆಂಟು ಬಂತು.

ಆ ನಾಲ್ಕೈದು ವಾರಗಳ ಸಂಭ್ರಮವನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಜಗಳೂರು–ದಾವಣಗೆರೆ ನಡುವಿನ ಎರಡು ಬಸ್ಸುಗಳಲ್ಲಿ ಅತ್ತೆಯ ದನಿ ಹೋಗುತ್ತಾ ಬರುತ್ತಾ ಇತ್ತು. ಬಸ್ಸು ನಿಂತಾಗ ಗಿರಣಿಯವರೆಗೂ ಕೇಳಿಸುತ್ತಿತ್ತು. ಕಳೆ ತೆಗೆಯುವವರು ಅದನ್ನೇ ಹೇಳುತ್ತಿದ್ದರು. ನನ್ನ ತರಗತಿಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ "ಕಲ್ಲಿಗೆ ಹಸಿವು ಆಗ್ತೈತಾ" ಎಂದು ಕುಂಟುತ್ತಿದ್ದರು. ಒಂದು ದಿನ ಸೊಕ್ಕೆ ಎಂಬ ಊರಿನಿಂದ ಒಬ್ಬ ಹೆಂಗಸು ಬಟ್ಟೆ ಚೀಲದಲ್ಲಿ ಎರಡು ಸೇರು ಜೋಳ ಹಿಡಿದುಕೊಂಡು ಬಂದಳು.

ಅಪ್ಪ ಆಶ್ಚರ್ಯದಿಂದ, "ನಿಮ್ಮೂರಾಗೆ ಗಿರಣಿ ಇಲ್ಲೇನಮ್ಮ?" ಎಂದು ಕೇಳಿದ.

"ಐತ್ರಿ. ಆ ಪದ ಕಟ್ಟಿದೋರು ಇಲ್ಲಿ ಅದಾರಂತಲ್ಲ, ಅದಕ್ಕೆ ಬಂದೆ" ಅಂದಳು.

ಅವಳು ಅತ್ತೆಯ ಪಕ್ಕ ಕೂತು ಏನೋ ಹೇಳಿದಳು, ಅತ್ತೆ ಏನೋ ಹೇಳಿದಳು. ಗಿರಣಿ ತಿರುಗುತ್ತಿದ್ದರಿಂದ ನನಗೆ ಒಂದೂ ಕೇಳಿಸಲಿಲ್ಲ. ಹೋಗುವಾಗ ಆಕೆ ಹಿಟ್ಟು ಮರೆತು ಹೊರಟಿದ್ದಳು, ನಾನೇ ಓಡಿಹೋಗಿ ಕೊಟ್ಟೆ.

ಅಪ್ಪನಿಗೆ ಕ್ಯಾಸೆಟ್ಟು ಪೂರ್ತಿ ಕೇಳಲು ಪುರುಸೊತ್ತು ಇರಲಿಲ್ಲ. ಬೀಗರ ಪದಗಳನ್ನು ಕೇಳಿ ನಕ್ಕಿದ್ದ, ಅಷ್ಟೇ. ದೀಪಾವಳಿಗೆ ಮೊದಲು ಗಿರಣಿಯ ಬೆಲ್ಟು ತರಲು ದಾವಣಗೆರೆಗೆ ಹೊರಟಾಗ ನನ್ನನ್ನೂ ಕರೆದುಕೊಂಡ. ಬಸ್ಸಿನಲ್ಲಿ ಕಂಡಕ್ಟರು ಅಪ್ಪನನ್ನು ಕಂಡು ಖುಷಿಯಿಂದ, "ನಿಮ್ಮ ತಂಗೀದೇ ಹಾಕ್ತೀನಿ ತಡೀರಿ ತಿಪ್ಪೇಸ್ವಾಮಣ್ಣ" ಎಂದು ಕ್ಯಾಸೆಟ್ಟನ್ನು ತಿರುವಿ ಹಾಕಿದ.

ಮೂರು ಸಲ ಬಂದೆ, ಮೂರು ಸಲ ಬಸ್ ಹತ್ತಿಸಿದೆ
ನಾಕನೇ ಸಲಕೆ ನಡೆದು ಬಂದೆ — ನನ ಅಣ್ಣಾ
ಕಾಲಾಗಿನ ಬೊಬ್ಬೆ ಎಣಿಸೀಯಾ

ಹಿಂದಿನ ಸೀಟಿನಲ್ಲಿ ಇಬ್ಬರು ಪಿಸುಗುಟ್ಟಿದರು. "ಆ ಅಣ್ಣ ಇವನೇ ಏನ್ಲಾ?" ಅಂದ ಒಬ್ಬ. ಇನ್ನೊಬ್ಬ ಕಿಸಕ್ಕನೆ ನಕ್ಕ. ಅಪ್ಪ ಹಿಂತಿರುಗಿ ನೋಡಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಏಳೂ ನುಡಿ ಮುಗಿದವು. ಅಪ್ಪ ದಾವಣಗೆರೆಯಲ್ಲಿ ಬೆಲ್ಟು ಕೊಂಡ, ನನಗೆ ಹುರಿದ ಬಟಾಣಿ ಕೊಡಿಸಿದ.

ಮರುದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಅತ್ತೆ ಹೊಲಕ್ಕೆ ಹೋಗಿದ್ದಳು. ಸಾಲಿನಲ್ಲಿದ್ದವರನ್ನು ಅಪ್ಪ "ನಾಳೆ ಬರ್ರಿ" ಎಂದು ಕಳಿಸಿ ಬಾಗಿಲನ್ನು ಅರ್ಧ ಮುಂದೆ ಮಾಡಿದ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. ಮೂಟೆಯ ಮೇಲೆ ಕೂತು ನನ್ನನ್ನು ಹತ್ತಿರ ಕರೆದ.

"ಆ ಪದ ಬರ್ದೋರು ಯಾರವ್ವ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಹೆಮ್ಮೆಯಾಗಿದೆ ಅಂದುಕೊಂಡೆ. "ಅತ್ತೆ ಹೇಳಿದ್ಲು, ನಾನು ಬರ್ದೆ" ಅಂದೆ.

"ಅಷ್ಟೇನಾ, ಇನ್ನೂ ಐತಾ?"

"ಇನ್ನೂ ಹನ್ನೊಂದು ಐತೆ ಅಪ್ಪ."

"ತಗೊಂಬಾ, ಓದು."

ನಾನು ನೋಟು ಪುಸ್ತಕ ತಂದು ನಿಂತುಕೊಂಡು ಓದಿದೆ. ಶಾಲೆಯಲ್ಲಿ ಪದ್ಯ ಓದುವ ಹಾಗೆ, ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಂಡು, ಸ್ಪಷ್ಟವಾಗಿ. ಹನ್ನೆರಡನೇ ನುಡಿ ಇದು:

ಚಿಲಕಿಲ್ಲದ ಕ್ವಾಣೆ, ಮೈದುನನ ಹೆಜ್ಜೆ ಅಂದೆ
ಚಿಲಕ ಹಾಕಿಸ್ಕೊ ಅಂತಂದಿ — ನನ ಅಣ್ಣಾ
ಬಡಿಗೇರ ಮನಿಯ ತೋರಿಸಿದಿ

ಹದಿನೆಂಟರಲ್ಲಿ ನನಗೆ ಸಂಪೂರ್ಣವಾಗಿ ಅರ್ಥವಾಗಿದ್ದ ನುಡಿ ಅದೊಂದೇ ಎಂದು ಆಗ ತಿಳಿದಿದ್ದೆ. ಬಾಗಿಲಿಗೆ ಚಿಲಕ ಇರಲಿಲ್ಲ, ಹಾಕಿಸಬೇಕಿತ್ತು, ಅಷ್ಟೇ ತಾನೆ. ಅಪ್ಪ "ಇನ್ನೊಂದ್ಸಲ ಓದು" ಅಂದ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಓದಿದೆ.

ಓದಿ ಮುಗಿದ ಮೇಲೆ ಅಪ್ಪ ಪುಸ್ತಕ ಮುಚ್ಚಿಸಿದ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ.

"ನೋಡು ರೇಣಿ. ಈ ಪದ ಅತ್ತೇದು ಅಂತ ನ್ಯಾಮತಿಯೋರಿಗೆ ಗೊತ್ತಾದ್ರೆ ಪಂಚಾಯ್ತಿ ಸೇರಿಸ್ತಾರೆ. ನಮ್ಮ ಮಾನ ಕಳೆದ್ಲು, ನಮ್ಮ ಮನೆಗೇ ಕಳಿಸ್ರಿ ಅಂತಾರೆ. ಅತ್ತೆ ಹೋಗ್ಬೇಕಾಗ್ತೈತೆ. ನಿನಗೆ ಅತ್ತೆ ಬೇಕೋ ಬ್ಯಾಡೋ?"

"ಬೇಕು."

"ಹಂಗಾದ್ರೆ ಯಾರು ಕೇಳಿದ್ರೂ ಇದು ನಮ್ಮಜ್ಜಿ ಹೇಳ್ತಿದ್ದ ಹಳೇ ಪದ ಅನ್ನು. ಹಳೇ ಪದಕ್ಕೆ ಯಾರೂ ಏನೂ ಮಾಡಾಕೆ ಆಗಲ್ಲ. ಅತ್ತೆ ಇಲ್ಲೇ ಇರ್ತಾಳೆ."

ನಾನು ತಲೆಯಾಡಿಸಿದೆ. ಅತ್ತೆಯನ್ನು ಉಳಿಸಿಕೊಳ್ಳುವ ಇಷ್ಟು ಸುಲಭದ ದಾರಿ ಸಿಕ್ಕಿತಲ್ಲ ಎಂದು ಸಮಾಧಾನವೂ ಆಯಿತು. ನ್ಯಾಮತಿಯ ಆ ಮನುಷ್ಯ ಅಷ್ಟು ಹೊತ್ತಿಗಾಗಲೇ ಇನ್ನೊಬ್ಬಳನ್ನು ಮನೆಗೆ ತಂದುಕೊಂಡಿದ್ದ, ಅತ್ತೆ ಬೇಕೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ ಎನ್ನುವುದು ನನಗೆ ತಿಳಿದದ್ದು ಕಾಲೇಜಿಗೆ ಹೋಗುವಾಗ. ಅಪ್ಪನಿಗೆ ಅದು ಆಗಲೇ ಗೊತ್ತಿತ್ತು.

ನಾಗರಾಜ ಬಂದದ್ದು ಅದಾಗಿ ಒಂದು ವಾರಕ್ಕೆ. ಕ್ಯಾಸೆಟ್ಟುಗಳೆಲ್ಲ ಖರ್ಚಾಗಿದ್ದವು. ಮತ್ತೆ ಅಚ್ಚು ಹಾಕಿಸಬೇಕು, ಎರಡನೇ ಕ್ಯಾಸೆಟ್ಟನ್ನೂ ಮಾಡಬೇಕು ಎಂಬ ಉತ್ಸಾಹದಲ್ಲಿದ್ದ. ಸಾಲಿನಲ್ಲಿ ಏಳೆಂಟು ಹೆಂಗಸರಿದ್ದರು, ಕಟ್ಟೆಯ ಮೇಲೆ ನಾಲ್ಕೈದು ಗಂಡಸರೂ ಇದ್ದರು. ಅಪ್ಪ ಎಲ್ಲರಿಗೂ ಕೇಳಿಸುವಂತೆ ಹೇಳಿದ.

"ನಾಗರಾಜ, ನೀನು ಚೀಟಿಯಾಗೆ ತಪ್ಪು ಹಾಕ್ಸೀಯಲ್ಲಪ್ಪ. ಅದು ಹಾಲಮ್ಮ ಕಟ್ಟಿದ್ದಲ್ಲ. ನಮ್ಮಜ್ಜಿ ಬೀಸುವಾಗ ಹೇಳ್ತಿದ್ದ ಪದ. ನಾವೆಲ್ಲ ಸಣ್ಣೋರಿದ್ದಾಗಿಂದ ಕೇಳಿದ್ದು."

ಅತ್ತೆ ಕಾಳು ಸುರಿಯುವ ಡಬ್ಬಿ ಹಿಡಿದುಕೊಂಡೇ ತಿರುಗಿದಳು. "ಯಾವ ಅಜ್ಜಿ? ಅಜ್ಜಿ ಬಸ್ ನೋಡಿದ್ಲೇನಣ್ಣ? ಪದದಾಗೆ ಬಸ್ ಐತಲ್ಲ. ಅದು ನಂದು. ನಾನು ಕಟ್ಟಿದ್ದು."

ಕಟ್ಟೆಯ ಮೇಲಿದ್ದ ಗಂಡಸರು ಒಳಗೆ ಇಣುಕಿದರು. ಅವ್ವ ಊಟದ ಬುತ್ತಿ ತಂದವಳು ಬಾಗಿಲಲ್ಲೇ ನಿಂತಿದ್ದಳು. ನಾಗರಾಜನಿಗೆ ಮುಜುಗರವಾಯಿತು. ಆ ಕಡೆ ಈ ಕಡೆ ನೋಡಿ ಕೊನೆಗೆ ನನ್ನ ಕಡೆ ತಿರುಗಿದ.

"ನೀನೇ ಬರ್ಕೊಂಡಿದ್ದಲ್ಲಮ್ಮ? ನೀನು ಹೇಳು. ಅತ್ತೆ ಕಟ್ಟಿದ್ದೋ, ಹಳೇದೋ?"

ಎಲ್ಲರೂ ನನ್ನನ್ನು ನೋಡಿದರು. ಅತ್ತೆ ನನಗೆ ಧೈರ್ಯ ತುಂಬುವಂತೆ ತಲೆಯಾಡಿಸಿದಳು. ನಾನು ಹೇಳುವ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

"ಅಜ್ಜಿ ಪದ" ಅಂದೆ.

ಅತ್ತೆ ಗಿರಣಿಯ ಸಾಲಿನಲ್ಲಿ ಕೂತ ಯಾರದೋ ಮಗುವನ್ನು ನೋಡುವ ಹಾಗೆ ನನ್ನನ್ನು ಒಂದು ಸಲ ನೋಡಿದಳು. ಮತ್ತೆ ತಿರುಗಿ ಡಬ್ಬಿಯನ್ನು ಗಿರಣಿಯ ಬಾಯಿಗೆ ಸುರಿದಳು. ಕರೆಂಟು ಇರಲಿಲ್ಲ. ಕಾಳು ಸುಮ್ಮನೆ ತುಂಬಿ ತುಳುಕಿ ನೆಲಕ್ಕೆ ಚೆಲ್ಲಿತು.

"ಓಹೋ, ಹಂಗಾದ್ರೆ ಸಂಗ್ರಹ ಅಂತ ಹಾಕ್ಸಾನ ಬಿಡ್ರಿ" ಎಂದ ನಾಗರಾಜ. ಅವನ ದನಿ ಹಗುರಾಗಿತ್ತು. ಎರಡನೇ ಅಚ್ಚಿನಲ್ಲಿ "ಸಾಹಿತ್ಯ: ಜಾನಪದ, ಸಂಗ್ರಹ: ನಾಗರಾಜ" ಎಂದು ಬಂತು. ಹಾಡಿದವರ ಹೆಸರಿನ ಜಾಗದಲ್ಲಿ "ಸಂಗಡಿಗರು" ಎಂದಷ್ಟೇ ಇತ್ತು. ಅಪ್ಪ ಕೇಳದಿದ್ದರೂ ನಾಗರಾಜನೇ ಆ ಉಪಕಾರ ಮಾಡಿದ್ದ.

ಆ ಸಂಜೆಯೇ ಅವ್ವ ನನ್ನ ಶಾಲೆಯ ಚೀಲದಿಂದ ನೋಟು ಪುಸ್ತಕ ತೆಗೆದುಕೊಂಡಳು. ಸಮಾಜ ವಿಜ್ಞಾನದ ಹಾಳೆಗಳನ್ನು ಜೋಪಾನವಾಗಿ ಉಳಿಸಿ, ಹಿಂದಿನವನ್ನು ಹರಿದು ಬಚ್ಚಲ ಒಲೆಗೆ ಹಾಕಿದಳು. ನಾನು ಅಳುತ್ತಾ ನಿಂತಿದ್ದೆ.

"ನಿಮ್ಮಪ್ಪ ಹೇಳ್ಯಾರೆ. ಮನೆ ಉಳೀಬೇಕಲ್ಲ" ಎಂದಳು. ಅವಳ ಕಣ್ಣೂ ಕೆಂಪಾಗಿದ್ದವು. ಹೊಗೆಗೆ ಇರಬಹುದು.

ಅತ್ತೆ ಆಮೇಲೆ ಹಾಡಲಿಲ್ಲ. ಕರೆಂಟು ಹೋದಾಗ ಯಾರಾದರೂ ಕೇಳಿದರೆ, "ತಡೀರಿ, ಈಗ ಬರ್ತೈತೆ" ಎನ್ನುತ್ತಿದ್ದಳು. ಹೆಂಗಸರು ಡಬ್ಬಿಗಳನ್ನು ನೋಡುತ್ತಾ ಕೂರುತ್ತಿದ್ದರು. ಅವರೆಲ್ಲರಿಗೂ ಅದು ಯಾರ ಪದ ಎಂದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ನಿಂಗಮ್ಮಜ್ಜಿ ಸಹ. ಅತ್ತೆ ಬೆಳಿಗ್ಗೆ ನನಗೆ ಜಡೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಮೊದಲು ಜಡೆ ಹಾಕುವಾಗ ಏನಾದರೂ ಗುನುಗುತ್ತಿದ್ದವಳು ಈಗ ಬಾಚಣಿಗೆಯ ಸದ್ದನ್ನಷ್ಟೇ ಉಳಿಸಿದ್ದಳು. ಒಂದು ಬೆಳಿಗ್ಗೆ ತಡೆಯಲಾಗದೆ ಹೇಳಿಬಿಟ್ಟೆ, "ಅತ್ತೆ, ನೀನು ಇಲ್ಲೇ ಇರ್ಬೇಕು ಅಂತ ಹಂಗಂದೆ."

"ಹೂಂ, ಗೊತ್ತು. ತಲೆ ಅಲ್ಲಾಡಿಸ್ಬ್ಯಾಡ" ಎಂದಳು.

ಸಂಕ್ರಾಂತಿ ಕಳೆದ ಮೇಲೆ ಸಂತೇಬೆನ್ನೂರು ಕಡೆ ಅಡಿಕೆ ಸುಲಿಯಲು ಹೋಗುವ ಹೆಂಗಸರ ತಂಡ ಸೇರಿಕೊಂಡು ಹೊರಟುಹೋದಳು. ಅಪ್ಪ ತಡೆಯಲಿಲ್ಲ. ನಾನು ಸುಳ್ಳು ಹೇಳಿದ್ದು ಅವಳು ಇರಲಿ ಎಂದು. ಅವಳು ಮೂರು ತಿಂಗಳೂ ಇರಲಿಲ್ಲ.

ಬಿ.ಇಡಿ. ಮುಗಿಸಿದ ವರ್ಷ ಅವಳನ್ನು ನೋಡಲು ಹೋದೆ. ಸಂತೇಬೆನ್ನೂರಿನ ಸಂತೆಬೀದಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಅಡಿಕೆಯ ಕರೆ ಹತ್ತಿ ಬೆರಳುಗಳು ಕಪ್ಪಾಗಿದ್ದವು. ಮೈ ತುಂಬಿಕೊಂಡಿದ್ದಳು, ನಗುತ್ತಿದ್ದಳು, ಅಕ್ಕಪಕ್ಕದ ಮಕ್ಕಳೆಲ್ಲ ಅವಳನ್ನು "ಅಮ್ಮಾ" ಎಂದು ಕೂಗುತ್ತಿದ್ದವು. ಬಾಗಿಲಿಗೆ ಒಳಗಿನಿಂದ ಎರಡು ಚಿಲಕಗಳಿದ್ದವು. ಆ ಹೊತ್ತಿಗೆ ನನಗೆ ಆ ನುಡಿ ಅರ್ಥವಾಗಿತ್ತು. ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು. ತಿಂದು ಮುಗಿದ ಮೇಲೆ ಮೆಲ್ಲನೆ ಕೇಳಿದೆ.

"ಅತ್ತೆ, ಆ ಪದ ಪೂರ್ತಿ ಒಂದ್ಸಲ ಹೇಳ್ತೀಯಾ? ಬರ್ಕೊಂತೀನಿ."

"ಯಾವ ಪದ?"

"ಅಣ್ಣನ ಪದ."

"ಅದಾ?" ಪಾತ್ರೆ ಎತ್ತಿಕೊಳ್ಳುತ್ತಾ ಹೇಳಿದಳು. "ಅದು ಅಜ್ಜಿ ಪದ ಅಲ್ಲೇನೇ? ಹೋಗಿ ಅಜ್ಜೀನೇ ಕೇಳು."

ಕಠಿಣವಾಗಿ ಹೇಳಲಿಲ್ಲ. ಬಸ್ಸಿಗೆ ಬಂದು ಹತ್ತಿಸಿದಳು, ಕಿಟಕಿಯಿಂದ ಬಾಳೆಹಣ್ಣು ಕೊಟ್ಟಳು. ಪದದ ಮಾತು ಮತ್ತೆ ಎತ್ತಲು ನನಗೆ ಧೈರ್ಯ ಬರಲಿಲ್ಲ. ಆಮೇಲೆ ಹೋದಾಗಲೂ ಬರಲಿಲ್ಲ. ಮೂರು ವರ್ಷದ ಹಿಂದೆ ಅವಳು ತೀರಿಕೊಂಡಳು. ನೆರೆಮನೆಯವರು ಫೋನು ಮಾಡಿದಾಗ ಎಲ್ಲ ಮುಗಿದಿತ್ತು.

ಅಪ್ಪನನ್ನೂ ಒಂದು ಸಲ ಕೇಳಿದ್ದೇನೆ. ಗಿರಣಿ ಮುಚ್ಚಿ, ಮೊಣಕಾಲು ನೋವಿನಿಂದ ಟಿವಿಯ ಮುಂದೆ ಕೂತಿರುತ್ತಿದ್ದ ಕಾಲ. "ಅಪ್ಪ, ಆ ಚಿಲಕದ ಮಾತು ಅತ್ತೆ ನಿನಗೆ ಆಗಲೇ ಹೇಳಿದ್ಲಾ, ಪದ ಕಟ್ಟೋಕೆ ಮುಂಚೆ?"

ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿದ್ಲು" ಎಂದ. ಆಮೇಲೆ, "ನಾನೇನ್ ಮಾಡ್ಬೇಕಿತ್ತು?" ಎಂದ. ಅದು ನಿಜವಾದ ಪ್ರಶ್ನೆಯೇ ಆಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಈಗ ಹೊನ್ನಾಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ವಿದ್ಯಾರ್ಥಿನಿಯರ ಫೋನುಗಳಲ್ಲಿ ಹೆಣ್ಣುಮಕ್ಕಳು ತಾವೇ ಪದ ಕಟ್ಟಿ, ತಾವೇ ಹಾಡಿ, ಕೆಳಗೆ ತಮ್ಮ ಹೆಸರನ್ನೂ ಊರನ್ನೂ ದೊಡ್ಡದಾಗಿ ಹಾಕಿಕೊಳ್ಳುತ್ತಾರೆ. ನೋಡಿ ಸಂತೋಷಪಡುತ್ತೇನೆ. ಆ ಹೆಸರಿನ ಕೆಳಗೆ ಗಂಡಸರು ಬರೆದಿರುವುದನ್ನು ಓದಿ ಫೋನು ವಾಪಸು ಕೊಡುತ್ತೇನೆ.

ಕಳೆದ ಮಹಿಳಾ ದಿನಾಚರಣೆಗೆ ನಮ್ಮ ಶಾಲೆಗೆ ಬಂದಿದ್ದ ಅತಿಥಿಯೊಬ್ಬರು ಜನಪದದಲ್ಲಿ ಸ್ತ್ರೀ ಪ್ರತಿಭಟನೆ ಎಂಬ ವಿಷಯದ ಮೇಲೆ ಮಾತಾಡಿದರು. ಒಳ್ಳೆಯ ಮಾತುಗಾರರು. ಮಾತಿನ ನಡುವೆ ಕಲ್ಲು, ಬಾಸುಂಡೆಯ ಆ ನುಡಿಯನ್ನು ರಾಗವಾಗಿ ಹೇಳಿ, "ನೂರಾರು ವರ್ಷಗಳ ಹಿಂದಿನ ಯಾವುದೋ ಅನಾಮಿಕ ಹೆಣ್ಣುಮಗಳ ಕೂಗು ಇದು" ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ.

"ಸರ್, ಅದು ನಮ್ಮತ್ತೆ ಹಾಲಮ್ಮ ಕಟ್ಟಿದ ಪದ. ನಾನೇ ಬರೆದುಕೊಂಡಿದ್ದೆ."

ಅವರು ಪ್ರೀತಿಯಿಂದಲೇ ನಕ್ಕರು. "ಜನಪದದ ಸೊಗಸೇ ಅದು ನೋಡಿ ಮೇಡಂ. ಎಲ್ಲರಿಗೂ ಅದು ತಮ್ಮ ಮನೆಯದೇ ಅನ್ನಿಸುತ್ತದೆ. ಬರೆದುಕೊಂಡದ್ದು ನಿಮ್ಮ ಹತ್ತಿರ ಇದೆಯಾ?"

ಇಲ್ಲ ಅಂದೆ. ಇನ್ನೊಂದು ಸಲ ಚಪ್ಪಾಳೆ ಬಿತ್ತು, ಯಾತಕ್ಕೋ. ಕೂತುಕೊಂಡೆ.

ಅವತ್ತು ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಕ್ಯಾಸೆಟ್ಟಿನಲ್ಲಿದ್ದ ಏಳು ನುಡಿಗಳು ತಪ್ಪಿಲ್ಲದೆ ಬಂದವು. ಚಿಲಕದ್ದು ಬಂತು. ನಮ್ಮ ಅವ್ವನನ್ನು ಕುರಿತ ಇನ್ನೊಂದರ ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. ಉಳಿದ ಒಂಬತ್ತರಲ್ಲಿ ಅತ್ತೆ ಯಾರನ್ನು ಏನು ಕೇಳಿದ್ದಳು ಎನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಹೇಳುತ್ತಿದ್ದಾಗ ಅವಳ ಎದುರಿಗೇ ಕೂತಿದ್ದೆ, 'ಆಯ್ತಾ, ಬರ್ಕೊಂಡ್ಯಾ' ಎಂದು ಅವಳು ಕಾಯುತ್ತಿದ್ದಳು. ನನ್ನ ಗಮನವೆಲ್ಲ ಅಕ್ಷರ ದುಂಡಗೆ ಬರಲಿ ಎನ್ನುವುದರ ಮೇಲಿತ್ತು.